ದೇವರಮನೆಯ ನೆಲ

ಟೈಲ್ಸ್ ಹಾಕಲು ಬಂದ ಮುಬೀನ್ ಕರಣೆಯ ತುದಿಯಿಂದ ಕೆರೆದ. ನೆಲ ಕಿತ್ತು ಬಂತು. ಕಲ್ಲಿನ ಹಾಗೆ ಗಟ್ಟಿಯಾಗಿರಬೇಕಿದ್ದ ಸಿಮೆಂಟು ಗಾರೆ ಅವನ ಅಂಗೈಯಲ್ಲಿ ಹುರಿಹಿಟ್ಟಿನಂತೆ ಉದುರಿತು.

"ಸಾರ್, ಇದರ ಮೇಲೆ ಟೈಲ್ಸ್ ಹಾಕಕ್ಕಾಗಲ್ಲ. ಹಾಲ್ ಗಟ್ಟಿಯಾಗಿದೆ. ದೇವರಮನೆ ಮಾತ್ರ ಪೂರ್ತಿ ಪುಡಿ!"

ಅಟ್ಟೂರಿನ ಆ ಹೊಸ ಮನೆಯ ಯಜಮಾನರು ಸೇತುರಾಮ. ಟೆಲಿಫೋನ್ ಇಲಾಖೆಯಿಂದ ನಿವೃತ್ತರು. ಅನುಮಾನ ಬಂದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವರದಲ್ಲ. ನೆಲ ಹಾಕಿದ್ದ ಮೇಸ್ತ್ರಿ ಚಿಕ್ಕಮಾರಯ್ಯನನ್ನು ಅವತ್ತೇ ಗೇಟಿನ ಬಳಿ ತಡೆದು, ಬೀದಿಯೆಲ್ಲ ಕೇಳುವ ಹಾಗೆ ಕೂಗಾಡಿದರು.

"ಸಿಮೆಂಟು ಕದ್ದು ಬರೀ ಮರಳು ಹಾಕಿದ್ದೀಯಲ್ಲಯ್ಯ! ದೇವರಮನೆಗೇ ಕೈಯಿಟ್ಟೆಯಲ್ಲ!"

ಅಷ್ಟಕ್ಕೇ ಬಿಟ್ಟರೇ? ಇಲ್ಲ, ಅವನ ಕೈಚೀಲವನ್ನೂ ಬಿಚ್ಚಿಸಿದರು. ಒಳಗಿದ್ದದ್ದು ಒಂದು ಟವೆಲ್ಲು, ಮುದ್ದೆಯ ಡಬ್ಬಿ. ಮಾರನೆಯ ದಿನ ಎದುರುಮನೆಯ ಸುನೀಲ್, ತಾನು ಅವನಿಗೆ ಒಪ್ಪಿಸಿದ್ದ ಕೆಲಸಕ್ಕೆ ಇನ್ನು ಬರಬೇಡ ಎಂದುಬಿಟ್ಟ. ಮೇಸ್ತ್ರಿ ಮೂವತ್ತು ವರ್ಷ ಕಾಪಾಡಿಕೊಂಡಿದ್ದ ಹೆಸರು ಒಂದು ಬೆಳಗಿನಲ್ಲಿ ಮಣ್ಣುಪಾಲಾಯಿತು.

ಭಾನುವಾರ ಸೊಸೆ ಮಹತಿ ಬಂದಳು. ತಣಿಸಂದ್ರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಸೈಟ್ ಎಂಜಿನಿಯರ್ ಅವಳು. ಬಂದವಳೇ ಕೇಳಿದಳು —

"ಮಾವ, ಕದಿಯೋನು ಅಷ್ಟು ದೊಡ್ಡ ಹಾಲ್ ಬಿಟ್ಟು ದೇವರಮನೇಲಿ ಯಾಕೆ ಕದೀತಾನೆ? ಅಲ್ಲಿಗೆ ಹಿಡಿಯೋದೇ ಒಂದು ಮೂಟೆ ಸಿಮೆಂಟು."

"ಚಿಕ್ಕ ಕೋಣೆ, ಯಾರೂ ನೋಡಲ್ಲ ಅಂತ."

"ದೇವರಮನೇನ ಯಾರೂ ನೋಡಲ್ವಾ?"

ಮಹತಿ ಮೇಸ್ತ್ರಿಯನ್ನೂ, ಗಾರೆಯ ಮಾಲು ಕಲಸುವ ಅಕ್ಕಯ್ಯಮ್ಮನನ್ನೂ ಕರೆಸಿದಳು. ಚಿಕ್ಕಮಾರಯ್ಯ ಹೊಸ್ತಿಲಾಚೆಯೇ ನಿಂತ.

"ನೆಲ ಹಾಕಿದ ಆ ಶುಕ್ರವಾರ ಏನಾಯ್ತು, ಮೇಸ್ತ್ರಿ?"

"ಅತ್ತು ಗಂಟೆಗೆ ಮೊದಲನೇ ಮಾಲು ಕಲಸಿದ್ವಿ ತಾಯಿ. ಸಿಮೆಂಟು ಒಂದಕ್ಕೆ ಮರಳು ನಾಲ್ಕು. ನಿಮ್ಮತ್ತೆ ಗೋದಮ್ಮೋರು ಬಂದು ಗುಡ್ಡೆಗೆ ಪೂಜೆ ಮಾಡುದ್ರು. ಅಷ್ಟೊತ್ಗೆ ಅತ್ತೂವರೆ ಆಯ್ತು. ರಾಹುಕಾಲ ಅಂತ ಈ ಸ್ವಾಮ್ಗಳೇ ಕೆಲಸ ನಿಲ್ಸಿದ್ರು."

"ಮಾಲಿಗೆ ನೀರು ಹಾಕಿದ ಮೇಲೆ?"

"ಊ. ಆಗಲ್ಲ ಸ್ವಾಮಿ ಅಂತ ಏಳ್ದೆ. ಕೇಳ್ಲಿಲ್ಲ."

"ಒಂದೂವರೆ ಗಂಟೆ ನಿಂತ ಆ ಮಾಲು ಏನಾಯ್ತು?"

"ಅದು ಸತ್ತೋದ ಮಾಲು ತಾಯಿ. ಎಸೆದ್ಬುಟ್ಟು ಬೇರೆ ಕಲಸು ಅಂತ ಅಕ್ಕಯ್ಯಮ್ಮಂಗೆ ಏಳಿ ಟೀಗೋದೆ. ಅನ್ನೆರಡಕ್ಕೆ ಬಂದು, ಬೇರೆ ಮಾಲಲ್ಲೇ ಮೊದಲು ದೇವರಮನೆ ಮುಗಿಸ್ದೆ."

"ಬೇರೆಯದೇ ಅಂತ ಹೇಗೆ ಗೊತ್ತು?"

ಮೇಸ್ತ್ರಿ ತಡವರಿಸಿದ. "ನೀರು ಸ್ವಲ್ಪ ಜಾಸ್ತಿ ಅನ್ನಿಸ್ತು... ಅಕ್ಕಯ್ಯಮ್ಮ ಕಲಸಿದ್ದಲ್ವಾ ಅಂತ ಸುಮ್ಕಾದೆ."

ಅಕ್ಕಯ್ಯಮ್ಮ ಕಾಲ್ಬೆರಳು ನೋಡುತ್ತ ನಿಂತಿದ್ದಳು.

"ನೋಡಿದ್ಯಾ ಮಹತಿ? ಇಬ್ಬರೂ ಸೇರ್ಕೊಂಡೇ ಮಾಡಿರೋದು!" ಸೇತುರಾಮ ಎಗರಿದರು.

ಮಹತಿ ದೇವರಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಟೆ ಹೆಂಟೆಯಾಗಿ ಗಾರೆ ಪುಡಿಮಾಡಿದಳು. ಬಹಳ ಹೊತ್ತಿನ ಮೇಲೆ ಬಂದು ಅಂಗೈ ಬಿಚ್ಚಿದಳು. ಬೂದು ಪುಡಿಯಲ್ಲಿ ಮೂರು ಹಳದಿ ಕಾಳು.

"ಇದೇನು, ಮಾವ?"

"ಅಕ್ಷತೆ."

"ಅತ್ತೆ ಅಕ್ಷತೆ ಹಾಕಿದ್ದು ಮೊದಲನೇ ಗುಡ್ಡೆಗೆ ಮಾತ್ರ. ಎಸೆದ ಗುಡ್ಡೆಯ ಅಕ್ಷತೆ ನೆಲದೊಳಗೆ ಹೇಗೆ ಬಂತು? ನೀವೆಲ್ಲ ಸಿಮೆಂಟು ಕಮ್ಮಿ, ಸಿಮೆಂಟು ಕಮ್ಮಿ ಅಂದ್ರಿ. ಕಮ್ಮಿ ಇರಲಿಲ್ಲ. ಬಿಗಿಯೋಕೆ ಶುರುವಾದ ಮಾಲಿಗೆ ಮತ್ತೆ ನೀರು ಸುರಿದು ಕಲಸಿದ್ದಾರೆ. ಆಮೇಲೆ ಎಷ್ಟು ಸಿಮೆಂಟಿದ್ರೂ ಹಿಡಿಯಲ್ಲ. ಎಸೀಬೇಡ ಅಂತ ಯಾರು ಹೇಳಿದ್ದು, ಅಕ್ಕಯ್ಯಮ್ಮ?"

ಅಕ್ಕಯ್ಯಮ್ಮ ಒಮ್ಮೆ ಸೇತುರಾಮರತ್ತ ನೋಡಿ ತಲೆ ತಗ್ಗಿಸಿದಳು.

ಸೇತುರಾಮರಿಗೆ ಆಗ ನೆನಪಾಯಿತು. ಚರಂಡಿಯ ಅಂಚಿಗೆ ಬಾಂಡ್ಲಿ ಹೊತ್ತು ನಿಂತ ಹೆಂಗಸು. ತಮ್ಮದೇ ದನಿ — "ಅಕ್ಷತೆ ಬಿದ್ದದ್ದನ್ನ ಚರಂಡಿಗೆ ಎಸೀತಾರೇನಮ್ಮ? ನೀರು ಚಿಮುಕಿಸಿ ದೇವರಮನೆಗೇ ಹಾಕು. ಮೇಸ್ತ್ರಿಗೆ ಹೇಳೋಕೆ ಹೋಗಬೇಡ, ಸುಮ್ಮನೆ ತಕರಾರು ತೆಗೀತಾನೆ." ಅದೊಂದು ಪುಣ್ಯದ ಕೆಲಸವೆಂದುಕೊಂಡು ಅವರು ಮರೆತೂಬಿಟ್ಟಿದ್ದರು.

"ಮೊದಲೇ ಯಾಕೆ ಹೇಳಲಿಲ್ಲ?" ಮಹತಿ ಮೆಲ್ಲಗೆ ಕೇಳಿದಳು.

"ಯಜಮಾನ್ರೇ ಏಳ್ತಾರೆ ಅಂದ್ಕೊಂಡಿದ್ದೆ ಕಣವ್ವಾ."

ಗೇಟಿನ ಬಳಿ ತೆರೆಸಿದ್ದ ಆ ಮುದ್ದೆಯ ಡಬ್ಬಿ ಸೇತುರಾಮರ ಕಣ್ಣೆದುರಿನಿಂದ ಸರಿಯಲಿಲ್ಲ. ಸೊಸೆಯ ಮುಖವನ್ನಾಗಲಿ ಮೇಸ್ತ್ರಿಯ ಮುಖವನ್ನಾಗಲಿ ನೋಡುವ ಧೈರ್ಯ ಅವರಿಗಿರಲಿಲ್ಲ.

"ತಪ್ಪು ನಂದು, ಮೇಸ್ತ್ರಿ," ಎಂದರು. ಅವರ ಮಾತು ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

"ಇಲ್ಲಿ ಬ್ಯಾಡಿ ಸ್ವಾಮಿ," ಚಿಕ್ಕಮಾರಯ್ಯ ಹೇಳಿದ. "ಗೇಟ್ ತಾವ ಏಳಿ. ಅವತ್ತು ಅಲ್ಲೇ ಅಲ್ವಾ ಏಳಿದ್ದು?"

ಸೇತುರಾಮ ಗೇಟಿನವರೆಗೆ ನಡೆದರು. ಎದುರುಮನೆಯಲ್ಲಿ ಸುನೀಲ್ ಪೈಪು ಹಿಡಿದು ಕಾರು ತೊಳೆಯುತ್ತಿದ್ದ. ಪಕ್ಕದ ಮನೆಯವರು ಮೆಟ್ಟಿಲ ಮೇಲೆ ಕೂತಿದ್ದರು. ಅವತ್ತು ತಾವು ಎಷ್ಟು ಜೋರಾಗಿ ಕೂಗಿದ್ದೆವೆಂದು ನೆನೆದುಕೊಂಡು, ಅಷ್ಟೇ ಜೋರಾಗಿ ಕರೆದರು.

"ಸುನೀಲ್, ಆ ನೀರು ಸ್ವಲ್ಪ ನಿಲ್ಲಿಸಪ್ಪ. ಎಲ್ಲರೂ ಕೇಳಿ. ಆ ನೆಲ ಕೆಡಿಸಿದ್ದು ನಾನು."