ಪಾರವ್ವನ ಸೂಜಿ

ಹಿಮದರ್ಶಕ ಗುಂಯ್‌ಗುಟ್ಟುತ್ತ ಕೆಲಸ ನಡೆಸಿತ್ತು. ಬ್ಯಾಕ್ಟೀರಿಯಾವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಅದರ ಮೈಮೇಲಿನ ವಿಷಸೂಜಿಗಳನ್ನು ಪರದೆಗೆ ತರುವ ಯಂತ್ರ ಅದು. ಈಗ ತಾಲ್ಲೂಕಿಗೊಂದು ಬಂದಿದೆ. ರಕ್ತಭೇದಿಯ ಬ್ಯಾಕ್ಟೀರಿಯಾ ಈ ಸೂಜಿಯನ್ನು ಕರುಳಿನ ಜೀವಕೋಶಕ್ಕೆ ಚುಚ್ಚಿ ವಿಷ ಇಳಿಸುತ್ತದೆ. ಸೂಜಿ ಕಂಡಿತೆಂದರೆ ಮುಗಿಯಿತು, ರೋಗ ಹರಡುವವರೆಂದೇ ಲೆಕ್ಕ.

"ಇದು ನಂದೇನ್ರಿ?" ಎಂದು ಪರದೆ ತೋರಿಸಿದಳು ಪಾರವ್ವ, ಬಾಲಕಿಯರ ವಸತಿನಿಲಯದಲ್ಲಿ ಹದಿನೆಂಟು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದ ಅಡುಗೆಯವಳು.

"ನಿಮ್ಮ ಹೊಟ್ಯಾಗಿಂದು. ನಿಮಗೇನೂ ಮಾಡಿಲ್ಲ, ಮಂದಿಗೆ ಹಬ್ಬಬಹುದು. ಗುಳಿಗಿಗೂ ಬಗ್ಗಂಗಿಲ್ಲ," ಎಂದರು ವಿಜ್ಞಾನಿ ಮಂದಾಕಿನಿ. "ನಿಮ್ಮ ಹೆಸರು ಹೊರಗ ಬರಂಗಿಲ್ಲ, ಮಾತು ಕೊಟ್ಟೀನಲ್ಲ."

ಊರಿನಲ್ಲಿ ಭೇದಿ ಎದ್ದು ಮಲದ ಮಾದರಿ ಕೇಳಿದಾಗ ಎಲ್ಲರೂ ನಾಚಿ ಹಿಂದೆ ಸರಿದಿದ್ದರು. ಪಾರವ್ವನೊಬ್ಬಳೇ ಮೊದಲು ಕೊಟ್ಟವಳು. ಮಂದಾಕಿನಿ ಅವಳ ಒಲೆಯ ಮುಂದೆ ಕೂತು, ಎರಡು ರೊಟ್ಟಿ ತಿಂದು, ಆ ಮಾತು ಕೊಟ್ಟಿದ್ದರು.

ಎಂಟನೆಯ ದಿನ ನಿಲಯದ ಬಾಗಿಲಿಗೆ ನೋಟಿಸು ಅಂಟಿತು. ರೋಗ ಹರಡುವವಳೆಂದು ಪಾರವ್ವನ ಪೂರ್ತಿ ಹೆಸರು, ಕೆಳಗೆ ಮಂದಾಕಿನಿಯ ಸಹಿ. ಅವಳ ರೊಟ್ಟಿಯ ಹಂಚನ್ನೂ ತಿಪ್ಪೆಗೆ ಎಸೆದರು. ಕೆಲಸ ಹೋದದ್ದನ್ನು ಹೇಗೋ ನುಂಗಿಕೊಂಡಾಳು. ತನ್ನ ರೊಟ್ಟಿ ಮುರಿದ ಕೈಯೇ ಸಹಿ ಹಾಕಿತಲ್ಲ ಎಂಬ ಸಂಕಟ ಮಾತ್ರ ನುಂಗಲಾಗಲಿಲ್ಲ.

ತಿಂಗಳೊಳಗೆ ನಿಲಯದ ಮೂವತ್ತು ಹುಡುಗಿಯರು ರಕ್ತಭೇದಿಯಿಂದ ಆಸ್ಪತ್ರೆ ಸೇರಿದರು. ಅಲ್ಲಿಯವರೆಗೆ ಅಲ್ಲಿ ಒಬ್ಬಳಿಗೂ ಬಂದಿರಲಿಲ್ಲ.

ಮಂದಾಕಿನಿ ಪಾರವ್ವನ ಮನೆಗೆ ಬಂದು, ತಲೆ ಎತ್ತದೆ ವಿವರಿಸಿದರು. ಯಂತ್ರ ತೆಗೆಯುವ ಒಂದೊಂದೇ ಚಿತ್ರ ತೀರ ಮಸುಕು. ಹಾಗಾಗಿ ಸಾವಿರಾರು ಚಿತ್ರಗಳ ಸರಾಸರಿ ತೆಗೆಯುತ್ತಾರೆ. ಯಂತ್ರದಲ್ಲಿ ಮೊದಲೇ ಇಟ್ಟಿರುವ ಪೂರ್ಣ ಸೂಜಿಯ ಅಚ್ಚಿಗೆ ಹೊಂದದವನ್ನು ಕೆಟ್ಟ ಚಿತ್ರವೆಂದು ಕಸಕ್ಕೆ ಹಾಕುವುದು ಅವರ ರೂಢಿ. ಪಾರವ್ವನವು ಹತ್ತಕ್ಕೆ ಒಂಬತ್ತು ಹಾಗೆ ಕಸಕ್ಕೆ ಹೋಗಿದ್ದವು. ಉಳಿದ ಮಸುಕಿಗೆ ಅಚ್ಚೇ ಮೊನೆ ಕೂಡಿಸಿತ್ತು. ನಿಜವಾಗಿ ಅವಳ ಯಾವ ಸೂಜಿಗೂ ಮೊನೆಯೇ ಇರಲಿಲ್ಲ.

"ನಿಮ್ಮವು ಚುಚ್ಚಂಗಿಲ್ಲ. ನಿಮ್ಮ ಕೈಯಿಂದ ಹುಡುಗ್ಯಾರ ಹೊಟ್ಟಿಗೆ ಹೋಗಿ, ಜಾಗಾ ಹಿಡದು, ಚುಚ್ಚೋವನ್ನ ಒಳಗ ಬಿಟ್ಟಿರಲಿಲ್ಲ. ನೀವು ಬಿಟ್ಟ ಮ್ಯಾಲ ಆ ಕಾವಲೂ ಹೋತು. ಇನ್ನೊಮ್ಮೆ ಮಾದರಿ ಕೊಡ್ರಿ, ಅದರಿಂದನ ಮದ್ದು ಮಾಡತೀವಿ."

ಪಾರವ್ವ ಒಳಗಿನಿಂದ ರೊಟ್ಟಿ ತಂದು, ಮುರಿದು, ಕೈ ಚಾಚಿದಳು. "ಮೊದ್ಲ ತಿನ್ರಿ."

ಎಲ್ಲ ಗೊತ್ತಿದ್ದೂ ಮಂದಾಕಿನಿಯ ಕೈ ಅರ್ಧದಲ್ಲಿ ತಡೆಯಿತು. ಆಮೇಲೆ ತೆಗೆದುಕೊಂಡು ತಿಂದರು. ಆ ತಡೆದದ್ದನ್ನು ಪಾರವ್ವ ನೋಡಿದ್ದಳು.

"ಡಬ್ಬಿ ಕೊಡ್ರಿ," ಎಂದಳು. "ಹುಡುಗ್ಯಾರ ಸಲುವಾಗಿ ಕೊಡತೀನಿ, ನಿಮ್ಮ ಸಲುವಾಗಿ ಅಲ್ಲ. ಈ ಸಲ ಹೆಸರು ಮುಚ್ಚಿಡತೀನಿ ಅನಬ್ಯಾಡ್ರಿ. ಪೂರ್ತಿ ಬರದು ಅದೇ ಬಾಗಲಕ್ಕ ಅಂಟಸ್ರಿ."