ಹಳೇ ಮೆಷಿನ್ನಿಗೆ ಬರೆದ ಉತ್ತರಗಳು

ಅವನು ಬ್ಯಾಗ್ ಹೆಗಲಿಗೇರಿಸೋದಕ್ಕೂ ಅವಳು ಬಾಗಿಲಿಗೆ ಅಡ್ಡ ಬಂದು ನಿಲ್ಲೋದಕ್ಕೂ ಸರಿಹೋಯ್ತು.

"ಅಷ್ಟೊಂದು ಬರೆದೆ... ಒಂದಕ್ಕಾದ್ರೂ ಉತ್ತರ ಕೊಡಬಾರ್ದಿತ್ತಾ?"

ಅವನು ಪೆಚ್ಚಾಗಿ ನೋಡಿದ. "ನೀನು ಬರೆದ್ಯಾ? ಕಾದು ಕಾದು ಸಾಕಾಗಿದ್ದು ನಂಗೆ."

ಆಡಿಯೋ ಪುಸ್ತಕ ಮಾಡೋ ಪುಟ್ಟ ಆಫೀಸು ಅದು. ಅವಳು ಮನೆಯಲ್ಲಿ ಕೂತು ಕಥೆ ಓದಿ ರೆಕಾರ್ಡ್ ಮಾಡೋಳು, ಅವನು ಸರ್ವರ್ ನೋಡ್ಕೊಳ್ಳೋನು. ಇಬ್ಬರಿಗೂ ಪ್ರೀತಿ. ಆದರೆ ಎದುರಾಬದುರು ಜಗಳ ಆಡೋ ಹಾಗಿರಲಿಲ್ಲ. ಅವಳು ಕಿರುಚಾಡಿದರೆ ಮಾರನೇ ದಿನ ಗಂಟಲು ಕಟ್ಟಿ, ಕಥೆಯ ರಾಜಕುಮಾರಿ ಕಪ್ಪೆ ದನಿಯಲ್ಲಿ ಮಾತಾಡ್ತಿದ್ದಳು! ಹಾಗಾಗಿ ಒಂದು ಒಪ್ಪಂದ: ಮುನಿಸು ಬಂದರೆ ಫೋನಿಲ್ಲ, ಭೇಟಿಯಿಲ್ಲ, ಆಫೀಸಿನ ಸೈಟಿನ ಚಾಟ್‌ನಲ್ಲಿ ಬರೆಯೋದು.

ಈ ಸಲದ ಮುನಿಸಿಗೆ ಕಾರಣ ಅವಳಮ್ಮ ಎತ್ತಿದ ಮದುವೆ ಮಾತು. ಅವನು "ನೋಡೋಣ ಅತ್ತೆ" ಅಂದುಬಿಟ್ಟಿದ್ದ. ಅತ್ತೆ ಅನ್ನೋಕೆ ಬಾಯಿ ಬರುತ್ತೆ, ಆಗ್ತೀನಿ ಅನ್ನೋಕೆ ಬರಲ್ವಾ?

ಅವಳು ಬರೆದಳು. ಬೈದಳು, ಅತ್ತಳು, ಕೊನೆಗೆ ಬೇಡಿಕೊಂಡಳು. ಉತ್ತರವೇ ಇಲ್ಲ. ಚಾಟ್‌ನಲ್ಲಿ ಆಫೀಸಿನ ಒಂದು ನರಪಿಳ್ಳೆಯೂ ಉಸಿರೆತ್ತಲಿಲ್ಲ. ಎಲ್ಲರೂ ಅವನ ಪರ ಸೇರಿಕೊಂಡಿದ್ದಾರೆ ಅಂದುಕೊಂಡಳು. ಇವತ್ತು ಲೆಕ್ಕ ಬರೆಯೋ ಅಕ್ಕ ಫೋನ್ ಮಾಡಿ, ಅವನು ಇಲ್ಲಿನ ಕೆಲಸ ಬಿಟ್ಟು ಬೇರೆ ಊರಿನ ಕೆಲಸಕ್ಕೆ ಹೊರಟಿದ್ದಾನೆ ಅಂದಾಗ, ಲ್ಯಾಪ್‌ಟಾಪ್ ಎದೆಗವಚಿಕೊಂಡು ಆಫೀಸಿಗೆ ಓಡಿಬಂದಿದ್ದಳು.

ಅದನ್ನ ತೆರೆದು ಅವನ ಮುಂದಿಟ್ಟಳು. ಓದ್ತಾ ಓದ್ತಾ ಅವನ ಮುಖ ಬಿಳಿಚಿಕೊಂಡಿತು.

"ಇದೊಂದೂ ನಂಗೆ ಬಂದಿಲ್ಲ ಕಣೇ..."

ಜಗಳದ ಮಾರನೇ ದಿನವೇ ಅವನು ಸೈಟನ್ನ ಹೊಸ ಮೆಷಿನ್ನಿಗೆ ಸಾಗಿಸಿದ್ದ. ಸೈಟಿನ ಹೆಸರು ಅದೇ, ಅದಿರೋ ಮೆಷಿನ್ನಿನ ವಿಳಾಸ ಬೇರೆ. ಹಳೇದನ್ನ, ಇರಲಿ ಅಂತ, ಆರಿಸದೆ ಬಿಟ್ಟಿದ್ದ. ಎಲ್ಲರೂ ಹೊಸ ಮನೆ ಸೇರಿದ್ದರು. ಅವಳ ಲ್ಯಾಪ್‌ಟಾಪ್ ಮಾತ್ರ ಖಾಲಿ ಮನೆಯ ಬಾಗಿಲು ತಟ್ಟುತ್ತಾ ಕೂತಿತ್ತು.

ಹಾಗಾದರೆ ನೀನು ಬರೆದಿದ್ದೇನು ಅಂತ ಕೇಳಿದಳು. ಈಗ ಬಾಯಲ್ಲಿ ಹೇಳಿದರೆ ನಿನ್ನ ಕಣ್ಣೀರು ನೋಡಿ ಹೇಳಿದ ಹಾಗಾಗುತ್ತೆ, ನೀನೇ ಓದು ಅಂದ. ಆದರೆ ಅವನ ಲ್ಯಾಪ್‌ಟಾಪ್ ಆಫೀಸಿಗೆ ವಾಪಸ್ ಕೊಟ್ಟಾಗಿತ್ತು. ಅವಳ ಖಾತೆ ಅವಳ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟು ಬೇರೆಲ್ಲೂ ತೆರೆಯೋದಿಲ್ಲ. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಮೇಲಿಂದ ಕೈ ತೆಗೀತಿಲ್ಲ.

ಅವನು ನೆಲದ ಮೇಲೇ ಕೂತು ಕೀಲಿ ಕುಟ್ಟತೊಡಗಿದ. ಒಮ್ಮೆ ಕೇಳಿದ ವಿಳಾಸವನ್ನ ಲ್ಯಾಪ್‌ಟಾಪ್ ನೆನಪಿಟ್ಟುಕೊಳ್ಳುತ್ತೆ, ಅದೇ ಡಿಎನ್ಎಸ್ ಕ್ಯಾಶ್, ಅದನ್ನ ಅಳಿಸಿದರೆ ಸರಿಹೋಗುತ್ತೆ ಅಂದ. ಅಳಿಸಿದ. ಹಳೇ ಪುಟವೇ ಬಂತು. ಬ್ರೌಸರಿನ ನೆನಪನ್ನೂ ಒರೆಸಿದ. ಹಳೇ ಪುಟವೇ. ರೀಸ್ಟಾರ್ಟ್ ಮಾಡಿದ... ಅದೇ ಹಳೇ ಪುಟ ಹಲ್ಲು ಕಿರಿಯಿತು.

'ಆಯ್ತು, ಎಲ್ಲ ಮುಗೀತು,' ಅಂದುಕೊಂಡಳು. ಮನುಷ್ಯರ ಹಟ ಬಿಡಿಸಬಹುದು, ಈ ಡಬ್ಬಿಯ ಹಟ ಬಿಡಿಸೋರು ಯಾರು?

ಅವನ ಬೆರಳು ತಟ್ಟನೆ ನಿಂತಿತು. ಇಷ್ಟು ದಿನ ಯಾವ ಕ್ಯಾಶೂ ಉಳಿಯಲ್ಲ ಅಂತ ಗೊಣಗಿಕೊಂಡು ಒಂದು ಫೈಲ್ ತೆರೆದ. ಅವಳ ಲ್ಯಾಪ್‌ಟಾಪ್ ನಡೆಸೋ ಲಿನಕ್ಸ್, ವಿಳಾಸಕ್ಕಾಗಿ ಬೇರೆ ಯಾರನ್ನೂ ಕೇಳೋ ಮೊದಲು ನೋಡೋ ಫೈಲಂತೆ ಅದು. ಅದರಲ್ಲಿ ಸೈಟಿನ ಹೆಸರು, ಪಕ್ಕದಲ್ಲಿ ಹಳೇ ವಿಳಾಸ, ಮೊಳೆ ಹೊಡೆದ ಹಾಗೆ.

"ಯಾರು ಬರೆದಿದ್ದು ಇದನ್ನ?"

"ನಾನೇ," ಅಂದ ತಲೆ ತಗ್ಗಿಸಿ. "ನೀನು ಕೆಲಸಕ್ಕೆ ಸೇರಿದ ದಿನ. ಸೈಟ್ ತೆರೀತಿಲ್ಲ ಅಂತ ಕಣ್ಣಲ್ಲಿ ನೀರು ತಂದ್ಕೊಂಡಿದ್ದೆ. ಅವಸರಕ್ಕೆ ಈ ಸಾಲು ಹಾಕ್ದೆ, ಆಮೇಲೆ ತೆಗೆಯೋಣ ಅಂದ್ಕೊಂಡೆ... ನಿನ್ನ ನೋಡ್ತಾ ಮರೆತೇಹೋಯ್ತು."

ಸಾಲು ಅಳಿಸಿದ. ಪುಟ ತೆರೆಯಿತು.

ಅವನ ಮಾತುಗಳೆಲ್ಲ ಅಲ್ಲಿದ್ದವು, ಒಂದರ ಕೆಳಗೊಂದು. ಕೆಲಸ ಇನ್ನೂ ಕಾಯಂ ಆಗಿಲ್ಲ, ಅತ್ತೆಗೆ ಸುಳ್ಳು ಭರವಸೆ ಕೊಡೋಕೆ ಮನಸ್ಸಾಗಲಿಲ್ಲ. ಬೈಯೋದಾದರೂ ಬೈಯೇ. ಮದುವೆ ಆಗ್ತೀಯಾ? ಕೊನೆಯದು, ನಿನ್ನೆಯದು: 'ನಿನ್ನ ಮೌನ ಅರ್ಥ ಆಯ್ತು. ಹೊರಡ್ತೀನಿ.'

ಅವಳಿಗೆ ಅಕ್ಷರಗಳು ಮಂಜಾದವು. ಉತ್ತರ ಟೈಪ್ ಮಾಡೋಕೆ ಹೋದವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ಅವನತ್ತ ತಿರುಗಿದಳು.

"ಆಗ್ತೀನಿ ಕಣೋ. ಹೋಗ್ಬೇಡ."

ಅವನು ಕಿಟಕಿಯಿಂದ ಬಗ್ಗಿ, ಬರಲ್ಲ ಅಣ್ಣ, ನೀವು ಹೋಗಿ ಅಂತ ಕೂಗಿದ. ಅಣ್ಣ ಬೈದುಕೊಂಡೇ ಹೋದ.

"ಈಗ ನಂಗೆ ಅಲ್ಲೂ ಕೆಲಸ ಇಲ್ಲ, ಇಲ್ಲೂ ಇಲ್ಲ..."

"ಹ್ಞೂಂ. ಬ್ಯಾಗ್ ಕೊಡಿಲ್ಲಿ."

"ಭಾರ ಇದೆ ಕಣೇ."

"ಇರ್ಲಿ ಕೊಡು."