ಗೋಡೆಗೆ ತೂಗುಹಾಕಿದ ರೊಟ್ಟಿ

ಬಾಗಿಲಲ್ಲಿ ನಿಂತವನನ್ನು ಮುನೀಸಾ ಗುರುತಿಸಲಿಲ್ಲ. ಅವನು "ಹದಿನೇಳು ಮಾತಾಡ್ತಿದೀನಿ" ಎಂದಾಗ ಅವಳು ಕುರ್ಚಿಯಿಂದ ಎದ್ದಳು.

ಕೋಕಂದ್ ಪಟ್ಟಣದ ಆ ಟ್ಯಾಕ್ಸಿ ಆಫೀಸಿನಲ್ಲಿ ಡ್ರೈವರುಗಳಿಗೆ ನಂಬರೇ ಹೆಸರು. ಹದಿನೇಳು ಎಂದರೆ ಬಹ್ರೋಮ್. ವೈರ್‌ಲೆಸ್‌ನಲ್ಲಿ ಡ್ರೈವರುಗಳಿಗೆ ದಾರಿ ಹೇಳುವ ಮುನೀಸಾ ಎರಡು ವರ್ಷ ದಿನವೂ ಕೇಳಿದ ದನಿ. ಮುಖ ಕಂಡದ್ದು ಇವತ್ತೇ.

"ಇಷ್ಟು ಎತ್ತರ ಇದೀರ ಅಂತ ಗೊತ್ತಿರ್ಲಿಲ್ಲ."

"ಯಾಕೆ, ದನಿ ಕುಳ್ಳಗಿತ್ತಾ?"

"ಜಗಳಗಂಟನ ಥರ ಇತ್ತು."

"ಹಿಪ್ಪುನೇರಳೆ ಮರದ ಹತ್ರ ತಿರುಗಿ ಅಂತೀರಿ. ಊರ ತುಂಬಾ ಅದೇ ಮರ. ಜಗಳ ಆಡದೆ ಏನ್ಮಾಡ್ಲಿ?"

ಅವಳು ನಕ್ಕಳು. ಅವನು ಹಿಂದಿರುಗಿಸಲು ತಂದ ವೈರ್‌ಲೆಸ್ಸನ್ನು ಮೇಜಿನ ಮೇಲಿಟ್ಟ.

ಜನ ಈಗ ಫೋನಿನಲ್ಲಿ ಬೆರಳೊತ್ತಿ ಕಾರು ಕರೆಯುತ್ತಿದ್ದರು. ನಾಳೆಯಿಂದ ಆಫೀಸಿಗೆ ಬೀಗ. ಮುನೀಸಾಗೆ ಆನ್‌ಲೈನ್ ಅಂಗಡಿಯೊಂದರ ಗೋದಾಮಿನಲ್ಲಿ ಸಾಮಾನು ಕಟ್ಟುವ ಕೆಲಸ. ಅದೂ ಅವರು ಕರೆದ ದಿನ ಮಾತ್ರ. ಬಹ್ರೋಮನ ಹಳೆಯ ಕಾರು ಆ್ಯಪಿನವರಿಗೆ ಬೇಡವಾಗಿತ್ತು. ಅದನ್ನು ಮಾರಿ, ಕಟ್ಟಡದ ಕೆಲಸಕ್ಕೆಂದು ಸಂಜೆಯ ರೈಲಿನಲ್ಲಿ ರಷ್ಯಾಕ್ಕೆ ಹೊರಟಿದ್ದ.

"ಮನೇಲಿ ರೊಟ್ಟಿ ಕಚ್ಚಿದ್ರಾ?" ಎಂದು ಅವಳು ಕೇಳಿದಳು.

ಆ ಕಡೆಯ ರೂಢಿಯಂತೆ, ದೂರ ಹೋಗುವವನು ರೊಟ್ಟಿಯನ್ನು ಒಮ್ಮೆ ಕಚ್ಚಿ ಹೊರಡುತ್ತಾನೆ. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ, ಅವನೇ ಬಂದು ತಿಂದು ಮುಗಿಸಲಿ ಎಂದು. ಬಹ್ರೋಮನ ತಾಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆ ವಾರವೆಲ್ಲ ಮುನೀಸಾ "ಹದಿನೇಳು, ಹದಿನೇಳು" ಎಂದು ಕರೆದು, ಉತ್ತರ ಬಾರದೆ ಕಾದಿದ್ದಳು.

"ತೂಗುಹಾಕೋರು ಯಾರಿದಾರೆ?" ಎಂದ ಅವನು, ನೆಲ ನೋಡುತ್ತ.

ಅವಳು ತನ್ನ ಬುತ್ತಿಯ ಬಟ್ಟೆ ಬಿಚ್ಚಿ, ತಂದೂರಿನ ದುಂಡು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. "ಕಚ್ಚಿ."

"ನಾಳೆ ಇಲ್ಲಿಗೆ ಬೀಗ. ಎಲ್ಲಿ ತೂಗುಹಾಕ್ತೀರಿ?"

"ನಮ್ಮನೇಲಿ."

ಅವನು ತಲೆಯೆತ್ತಿದ. ದಿನವಿಡೀ ಊರಿಗೆಲ್ಲ ದಾರಿ ಹೇಳುತ್ತಿದ್ದವಳ ಕಿವಿಗಳು ಕೆಂಪಾಗಿದ್ದವು.

"ಯಾರ ಹಲ್ಲು ಇದು ಅಂತ ನಿಮ್ಮಪ್ಪ ಕೇಳಿದ್ರೆ?"

"ಹೇಳ್ತೀನಿ. ನೀವು ಬರದೇ ಹೋದ್ರೆ ಆ ಗೋಡೆ ನೋಡ್ಕೊಂಡು ಕೂರೋಳು ನಾನು. ಯೋಚ್ನೆ ಮಾಡಿ ಕಚ್ಚಿ, ಮಾರಾಯ್ರೇ."

ಅವನು ದೇವರ ಹೆಸರು ಹೇಳಿ ಕಚ್ಚಿದ. ಬಹಳ ಹೊತ್ತು ಅಗಿದ.

"ಉಪ್ಪು ಕಮ್ಮಿ," ಎಂದ ಕೊನೆಗೆ. "ಬಂದ್ಮೇಲೆ ಇದಕ್ಕೊಂದು ಜಗಳ ಇದೆ."

ಸಂಜೆ ಮುನೀಸಾ ಒಲೆಯ ಪಕ್ಕದ ಮೊಳೆಗೆ ರೊಟ್ಟಿ ತೂಗುಹಾಕಿದಳು. ಮಸೀದಿಯಿಂದ ಬಂದ ಅಪ್ಪ ಅದನ್ನು ನೋಡಿದ, ಮಗಳನ್ನು ನೋಡಿದ.

"ಯಾರದಮ್ಮಾ?"

"ಹದಿನೇಳರದು, ಅಪ್ಪ."

ಊಟಕ್ಕೆ ಕೂತಾಗ ಮಗಳ ಬಾಯಲ್ಲಿ ಆ ನಂಬರಿನ ಸುದ್ದಿ ಅವನು ಎಷ್ಟೋ ಸಲ ಕೇಳಿದ್ದ. ರೊಟ್ಟಿ ಇಳಿಸಿ, ಮೊಳೆ ಕಿತ್ತ. ಅವಳು ಒಲೆಯ ಬಳಿಯಿಂದ ಎದ್ದು ನಿಂತಳು.

ಅಪ್ಪ ಸುತ್ತಿಗೆ ತಂದು, ಆಚೆ ಗೋಡೆಯಲ್ಲಿ ಎತ್ತರಕ್ಕೆ ಆ ಮೊಳೆ ಹೊಡೆದ.

"ಅಲ್ಲಿ ಹೊಗೆ ತಾಗುತ್ತೆ. ಎಷ್ಟು ದಿನ ಇರ್ಬೇಕೋ ಏನೋ," ಎಂದು ರೊಟ್ಟಿಯನ್ನು ತೂಗುಹಾಕಿ, ದೇವರಲ್ಲಿ ಬೇಡಿಕೊಂಡು, ಎರಡೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡ.